ಬೆಟ್ಟಕ್ಕೆಂದು ತೇಯ್ದ ಮಸಿಯಲ್ಲಿ ಪೇಟೆ

1970ರ ದಶಕದಲ್ಲಿ ಸಿಂಗಪುರ ನದಿಯ ದಂಡೆಗೆ ಹೋಗುವವರು ಮೂಗು ಮುಚ್ಚಿಕೊಂಡೇ ಹೋಗಬೇಕಿತ್ತು. ಹಂದಿ ಸಾಕುವವರ ಕೊಳಚೆ, ಬೀದಿಬದಿಯ ತಿಂಡಿಗಾಡಿಗಳ ಎಂಜಲು, ಸರಕು ದೋಣಿಗಳ ಎಣ್ಣೆ ಎಲ್ಲವೂ ಬಂದು ಸೇರುತ್ತಿದ್ದುದು ಅದೇ ನೀರಿಗೆ. ಇನ್ನು ಹತ್ತು ವರ್ಷದಲ್ಲಿ ನದಿ ತಿಳಿಯಾಗಬೇಕು ಎಂದು 1977ರಲ್ಲಿ ಪ್ರಧಾನಿ ಲೀ ಕ್ವಾನ್ ಯೂ ಗಡುವು ಹಾಕಿದರು. ಆಗಿಯೂ ಬಿಟ್ಟಿತು. ಗಾಡಿಯವರಿಗೆ ಕಟ್ಟಡಗಳಲ್ಲಿ ಜಾಗ ಕೊಟ್ಟರು, ಹಂದಿದೊಡ್ಡಿಗಳನ್ನು ಎಬ್ಬಿಸಿದರು, 1983ರಲ್ಲಿ ದೋಣಿಗಳನ್ನು ಪಾಸಿರ್ ಪಂಜಾಂಗ್ ಕಡೆಗೆ ಸಾಗಹಾಕಿದರು.

ಆ ವರ್ಷಗಳಲ್ಲಿ ನದಿದಂಡೆಯಲ್ಲೂ ಪಕ್ಕದ ಚೈನಾಟೌನ್ ಗಲ್ಲಿಗಳಲ್ಲೂ ಒಬ್ಬ ಹೆಡ್‌ಮೇಷ್ಟ್ರು ಕಾಗದ, ಕುಂಚ, ಮಸಿ ಹಿಡಿದು ಓಡಾಡುತ್ತಿದ್ದರು. ಹೆಸರು ಲಿಮ್ ತ್ಸೆ ಪೆಂಗ್, ಹುಟ್ಟಿದ್ದು 1921ರಲ್ಲಿ. ಚಿತ್ರಕಲೆಯನ್ನು ತಾವಾಗಿಯೇ ರೂಢಿಸಿಕೊಂಡವರು. 1981ರಲ್ಲಿ ಶಾಲೆಯಿಂದ ನಿವೃತ್ತರಾದ ಮೇಲಂತೂ ಬೆಳಗಾದರೆ ಅದೇ ಕೆಲಸ. ಇನ್ನು ಕೆಲವೇ ದಿನಗಳಲ್ಲಿ ಇರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿದ್ದ ದೋಣಿಕಟ್ಟೆ, ಉಗ್ರಾಣ, ಅಂಗಡಿಮನೆ, ಸಂತೆಬೀದಿಗಳನ್ನು ಅವರು ನೂರಾರು ಹಾಳೆಗಳಲ್ಲಿ ಬರೆದಿಟ್ಟರು.

ಆಗ ಕ್ಯಾಮೆರಾ ಇರಲಿಲ್ಲವೇ ಎಂದು ಕೇಳಬಹುದು. ಬೇಕಾದಷ್ಟಿತ್ತು, ಫೋಟೋಗಳೂ ಇವೆ. ಆದರೆ ಲಿಮ್ ಕೈಯಲ್ಲಿದ್ದ ಮಸಿ ಪೇಟೆಗೆಂದು ಹುಟ್ಟಿದ್ದಲ್ಲ. ಸಾವಿರ ವರ್ಷದಿಂದ ಚೀನಾದಲ್ಲಿ ಬೆಟ್ಟ, ಮಂಜು, ಬಿದಿರು, ಜಲಪಾತ ಬರೆದು ಪಳಗಿದ ಮಸಿ ಅದು. ಅದನ್ನು ತಂದು ಕಿಟಕಿ, ಕಂಬ, ತಂತಿ, ತಗಡಿನ ಮಾಡು ಬರೆಯಹೊರಟರೆ ಎಲ್ಲೆಲ್ಲಿ ತೊಡಕಾಗುತ್ತದೆ, ಕಲಾವಿದರು ಆ ತೊಡಕನ್ನು ಹೇಗೆ ಬಿಡಿಸಿಕೊಂಡರು ಎಂಬುದು ಗೊತ್ತಿದ್ದರೆ ಈ ಚಿತ್ರಗಳು ಬೇರೆಯೇ ರೀತಿ ಕಾಣುತ್ತವೆ.

ಮೊದಲು ಮಸಿಯ ವಿಚಾರ. ಕನ್ನಡದಲ್ಲಿ ಮಸಿ ಎಂದರೆ ಬರೆಯುವ ಶಾಯಿಯೂ ಹೌದು, ಪಾತ್ರೆಯ ತಳಕ್ಕೆ ಹಿಡಿಯುವ ಕಪ್ಪೂ ಹೌದು. ಚೀನಾದ ಮಸಿಗೆ ಹೇಳಿ ಮಾಡಿಸಿದ ಪದ. ಮನೆಯಲ್ಲಿ ಅಜ್ಜಿ ಹರಳೆಣ್ಣೆ ದೀಪದ ಮೇಲೆ ತಟ್ಟೆ ಬೋರಲು ಹಾಕಿ ಕಾಡಿಗೆ ಹಿಡಿದದ್ದನ್ನು ನೋಡಿದವರಿಗೆ ಅರ್ಧ ವಿಧಾನ ಆಗಲೇ ಗೊತ್ತಿದೆ. ಅಲ್ಲಿಯೂ ಪೈನ್ ಮರದ ತುಂಡನ್ನೋ ಟುಂಗ್ ಎಣ್ಣೆಯನ್ನೋ ಉರಿಸಿ ಹೊಗೆಯ ಕಪ್ಪನ್ನು ಹಿಡಿಯುತ್ತಾರೆ. ನಾವು ತುಪ್ಪ ಬೆರೆಸಿದರೆ ಅವರು ಪ್ರಾಣಿಯ ತೊಗಲು, ಮೂಳೆಗಳನ್ನು ಬೇಯಿಸಿ ತೆಗೆದ ಅಂಟು ಬೆರೆಸುತ್ತಾರೆ. ಕಣಕದಂತೆ ನಾದಿ, ಕುಟ್ಟಿ, ಅಚ್ಚಿಗೆ ಒತ್ತಿ, ನಿಧಾನವಾಗಿ ಒಣಗಿಸಿದರೆ ಮಸಿಕಡ್ಡಿ ಸಿದ್ಧ. ಆನ್‌ಹುಯಿ ಪ್ರಾಂತ್ಯದ ಹುಯಿಜೌ ಸೀಮೆ ಇದಕ್ಕೆ ಹೆಸರಾದದ್ದು. ಬರೆಯುವಾಗ ಕಲ್ಲಿನ ಮೇಲೆ ನಾಲ್ಕು ಹನಿ ನೀರು ಹಾಕಿ, ಸಾಣೆಕಲ್ಲಿನಲ್ಲಿ ಗಂಧ ತೇಯ್ದ ಹಾಗೆ ತೇಯಬೇಕು. ನಮ್ಮ ಡ್ರಾಯಿಂಗ್ ಕ್ಲಾಸಿನ ಮಕ್ಕಳ ಕೈಯಲ್ಲಿ ಓಡಾಡುವ ‘ಇಂಡಿಯನ್ ಇಂಕ್’ ಬಾಟಲಿಯೂ ಮೂಲದಲ್ಲಿ ಇದೇ ಕುಲದ್ದು. ಇಂಗ್ಲಿಷರು ಅದಕ್ಕೆ ಭಾರತದ ಹೆಸರಿಟ್ಟರು, ಫ್ರೆಂಚರು ಇವತ್ತಿಗೂ ಚೀನಾ ಮಸಿ ಎಂದೇ ಕರೆಯುತ್ತಾರೆ.

ತೇಯ್ದ ಮಸಿಗೆ ನೀರು ಎಷ್ಟು ಸೇರಿತು ಎನ್ನುವುದರ ಮೇಲೆ ಬಣ್ಣ. ‘ಮಸಿಯೊಂದಿದ್ದರೆ ಐದೂ ಬಣ್ಣ ಇದ್ದಂತೆ’ ಎಂಬ ಅರ್ಥದ ಮಾತನ್ನು 9ನೇ ಶತಮಾನದ ಕಲಾ ಇತಿಹಾಸಕಾರ ಜಾಂಗ್ ಯಾನ್‌ಯುವಾನ್ ಬರೆದಿಟ್ಟಿದ್ದಾನೆ. ಸುಟ್ಟ ಕಪ್ಪು, ಗಟ್ಟಿ ಕಪ್ಪು, ಭಾರದ ಕಪ್ಪು, ತೆಳು ಕಪ್ಪು, ಬರೀ ನೀರೆನ್ನಿಸುವ ಕಪ್ಪು ಎಂದು ಮುಂದಿನವರು ಎಣಿಸಿಕೊಂಡರು. ಒಂದೇ ಕುಂಚದ ಹೊಟ್ಟೆಯಲ್ಲಿ ತೆಳು ಮಸಿ, ಮೂತಿಯಲ್ಲಿ ಗಟ್ಟಿ ಮಸಿ ತುಂಬಿಕೊಂಡು ಎಳೆದರೆ ಒಂದೇ ಗೆರೆಯಲ್ಲಿ ಬಿಸಿಲೂ ನೆರಳೂ ಇಳಿಯುತ್ತವೆ.

ಇನ್ನು ಕಾಗದ. ನೀಲಚಂದನ ಎಂದು ಕರೆಯುವ ಮರದ ತೊಗಟೆಯ ನಾರು ಮತ್ತು ಭತ್ತದ ಹುಲ್ಲಿನಿಂದ ಅದೇ ಆನ್‌ಹುಯಿಯ ಜಿಂಗ್ ಕೌಂಟಿಯಲ್ಲಿ ಮಾಡುವ ಶುವಾನ್ ಕಾಗದ ಎಲ್ಲಕ್ಕಿಂತ ಮೇಲು ಎಂದು ಹೆಸರಾದದ್ದು. ಅದನ್ನು ಮಾಡುವ ಕೈಕಸುಬನ್ನು ಯುನೆಸ್ಕೋ 2009ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟಿಕದ ನೀರು ಹಾಯಿಸಿ ಹದಮಾಡಿದ ಹಾಳೆಯೂ ಉಂಟು, ಹಸಿ ಹಾಳೆಯೂ ಉಂಟು. ಹಸಿ ಹಾಳೆ ಬಾಯಾರಿದ ನೆಲದಂತೆ. ಮಸಿ ತಾಗಿದ್ದೇ ತಡ ಕುಡಿದು ಹರಡಿಬಿಡುತ್ತದೆ. ಕುಂಚವನ್ನು ಅರೆಗಳಿಗೆ ಹೆಚ್ಚು ನಿಲ್ಲಿಸಿದರೆ ಅಲ್ಲೊಂದು ಕಪ್ಪು ಕೆರೆ. ಬೇಗ ಎಳೆದರೆ ನಡುನಡುವೆ ಬಿಳಿ ಬಿಟ್ಟು ಒಣ ಪೊರಕೆ ಗುಡಿಸಿದಂತಹ ಗುರುತು. ಅಳಿಸಲು ಬರುವುದಿಲ್ಲ. ಎಣ್ಣೆಬಣ್ಣದಲ್ಲಿ ತಪ್ಪಿದ ಕಿಟಕಿಯ ಮೇಲೆ ಇನ್ನೊಂದು ಕಿಟಕಿ ಬರೆಯಬಹುದು, ಇಲ್ಲಿ ತಪ್ಪಿದರೆ ತಪ್ಪಿತು. ಇನ್ನೂ ಒಂದು ವಿಚಿತ್ರ ಇದೆ. ಹಸಿ ಹಾಳೆಯಲ್ಲಿ ಎರಡು ಗೆರೆ ಒಂದರ ಮೇಲೊಂದು ಬಿದ್ದರೆ ಮೊದಲು ಎಳೆದದ್ದೇ ಮುಂದೆ ನಿಂತಂತೆ ಕಾಣುತ್ತದೆ, ಏಕೆಂದರೆ ಅಂಟು ಬೆರೆತ ಆ ಮಸಿಯನ್ನು ನಾರು ಆಗಲೇ ಕುಡಿದು ಬಾಯಿ ಮುಚ್ಚಿಕೊಂಡಿರುತ್ತದೆ. ಹಾಗಾಗಿ ಎದುರಿನ ದೋಣಿಯನ್ನು ಮೊದಲು ಬರೆದು, ಹಿಂದಿನ ಉಗ್ರಾಣವನ್ನು ಆಮೇಲೆ ಬರೆಯಬೇಕು. ಚಿತ್ರ ಮುಗಿದ ಮೇಲೂ ಯಾವುದು ಮೊದಲು, ಯಾವುದು ಆಮೇಲೆ, ಕೈ ಎಲ್ಲಿ ಓಡಿತು, ಎಲ್ಲಿ ತಡವರಿಸಿತು ಎಂದು ಓದಬಹುದು. ಚಿತ್ರ ‘ಬರೆಯುವುದು’ ಎಂದು ಕನ್ನಡದವರು ಅನ್ನುತ್ತೇವಲ್ಲ, ಅದು ಇಲ್ಲಿ ಅಕ್ಷರಶಃ ನಿಜ. ಅಕ್ಷರಕ್ಕೂ ಚಿತ್ರಕ್ಕೂ ಅದೇ ಕುಂಚ, ಅದೇ ಕೈವರಸೆ.

ಇಂಥ ಮಸಿಗೆ ಬೆಟ್ಟ ಸಲೀಸು. ಬಂಡೆಯ ಅಂಚು ಒಂದಿಷ್ಟು ಆಚೀಚೆ ಆದರೂ ಬಂಡೆಯೇ. ಹರಡಿದ ಮಸಿ ಮಂಜಾಗುತ್ತದೆ, ಒಣಗೆರೆ ತೊಗಟೆಯಾಗುತ್ತದೆ. ಕಲ್ಲಿನ ಮೈ ತೋರಿಸುವುದಕ್ಕೆ ಛುನ್ ಎಂಬ ಗೆರೆಗಳ ಒಂದು ದೊಡ್ಡ ಭಂಡಾರವನ್ನೇ ಹಳಬರು ಕೂಡಿಟ್ಟಿದ್ದರು. ಸೆಣಬಿನ ಎಳೆ ಬಿಡಿಸಿಟ್ಟಂಥ ಗೆರೆ ಮಣ್ಣುಗುಡ್ಡಕ್ಕೆ, ಕೊಡಲಿಯಲ್ಲಿ ಕಚ್ಚು ಹಾಕಿದಂಥ ಗೆರೆ ಕಡಿದಾದ ಬಂಡೆಗೆ. ಕಾಂಕ್ರೀಟಿಗೆ ಯಾವ ಛುನ್? ಗಾಜಿನ ಗೋಡೆಗೆ? ಭಂಡಾರದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಉತ್ತರ ಇಲ್ಲದಿರುವುದಕ್ಕೆ ಕಾರಣ ಹುಡುಕಿದರೆ ಒಂದು ತಮಾಷೆಯ ಸಂಗತಿ ಸಿಗುತ್ತದೆ. ಬೆಟ್ಟ-ನೀರು ಎಂದೇ ಅರ್ಥವಿರುವ ಶಾನ್‌ಶುಯಿ ಚಿತ್ರಗಳು ಬೆಟ್ಟದಲ್ಲಿದ್ದವರಿಗಾಗಿ ಹುಟ್ಟಿದವಲ್ಲ. 11ನೇ ಶತಮಾನದ ಆಸ್ಥಾನ ಕಲಾವಿದ ಗುವೊ ಶಿ ಇದನ್ನು ಬಿಚ್ಚಿ ಹೇಳಿದ್ದಾನೆ. 1072ರಲ್ಲಿ ಅವನು ಬರೆದ ‘ವಸಂತಾರಂಭ’ದ ಚಿತ್ರ ಈಗ ತೈಪೆಯ ಅರಮನೆ ಸಂಗ್ರಹಾಲಯದಲ್ಲಿದೆ. ಅವನ ವಾದದ ಸಾರ ಇಷ್ಟು: ಸಜ್ಜನನಿಗೆ ಬೆಟ್ಟದ ಮೇಲೆ ಆಸೆ. ಆದರೆ ರಾಜನ ಕೆಲಸ, ಮನೆಯ ಹೊಣೆ ಅವನನ್ನು ಊರಿನ ಧೂಳು ಗದ್ದಲಗಳಲ್ಲಿ ಕಟ್ಟಿಹಾಕಿವೆ. ಎದ್ದು ಹೋಗಲಾರ. ಅವನಿಗಾಗಿ ಬೆಟ್ಟವನ್ನೇ ಗೋಡೆಯ ಮೇಲೆ ತಂದು ತೂಗುಹಾಕಬೇಕು. ಚಿತ್ರ ಹೇಗಿರಬೇಕೆಂದರೆ ಅದರೊಳಗೆ ನಡೆದಾಡಬಹುದು, ನೋಡಬಹುದು, ಅಲೆಯಬಹುದು, ನೆಲೆಸಲೂಬಹುದು ಎನ್ನಿಸಬೇಕು.

ಎಂದರೆ ಪೇಟೆ ಈ ಚಿತ್ರಗಳಲ್ಲಿ ಮೊದಲಿನಿಂದಲೂ ಇತ್ತು, ನೋಡುವವನ ಬೆನ್ನ ಹಿಂದೆ. ಪೇಟೆಯ ಮನುಷ್ಯ ಪೇಟೆಗೆ ಬೆನ್ನು ಹಾಕಿ ನಿಲ್ಲಲೆಂದೇ ಇಡೀ ಕಲೆ ಬೆಳೆದದ್ದು. ಇವತ್ತು ಮಸಿಯಲ್ಲಿ ಪೇಟೆ ಬರೆಯುವವರು ಮಾಡುತ್ತಿರುವುದು ಅವನ ಹೆಗಲು ಹಿಡಿದು ತಿರುಗಿಸುವ ಕೆಲಸ. ಈ ಬಗೆಯ ಚಿತ್ರ ಎಲ್ಲಿ ಸಿಕ್ಕರೂ ನಾನು ಮೊದಲು ನೋಡುವುದು ಅದನ್ನೇ: ಇವರು ನಿಜವಾಗಿ ತಿರುಗಿಸಿದ್ದಾರೆಯೇ, ಅಥವಾ ಪೇಟೆಯನ್ನೇ ಬೆಟ್ಟದ ವೇಷ ಹಾಕಿಸಿ ಎದುರು ತಂದಿದ್ದಾರೆಯೇ?

ಹಳಬರು ಊರನ್ನು ಬರೆದೇ ಇರಲಿಲ್ಲ ಎಂದೇನಲ್ಲ. ಜಾಂಗ್ ಜೆದುವಾನ್ ಎಂಬಾತನದೆಂದು ಹೇಳುವ 12ನೇ ಶತಮಾನದ ಒಂದು ಸುರುಳಿಯಿದೆ. ಎತ್ತರ 25 ಸೆಂಟಿಮೀಟರಿಗಿಂತ ತುಸು ಕಡಿಮೆ, ಉದ್ದ ಐದು ಮೀಟರಿಗೂ ಹೆಚ್ಚು. ರೇಷ್ಮೆಯ ಮೇಲೆ ಮಸಿ, ಅಲ್ಲಲ್ಲಿ ತಿಳಿಬಣ್ಣ. ಇವತ್ತಿನ ಕೈಫೆಂಗ್, ಅಂದಿನ ರಾಜಧಾನಿ ಬಿಯಾಂಜಿಂಗ್‌ನದೆಂದು ಹೇಳುವ ನದಿ, ಕಮಾನುಸೇತುವೆ, ಅದರಡಿ ಸಿಕ್ಕಿಕೊಂಡಂತಿರುವ ದೋಣಿ, ಕೂಗಾಡುವ ಜನ, ಹೆಂಡದಂಗಡಿ, ಒಂಟೆಸಾಲು ಎಲ್ಲವೂ ಅದರಲ್ಲಿವೆ. ಬೀಜಿಂಗಿನ ಅರಮನೆ ಸಂಗ್ರಹಾಲಯ ಅದನ್ನು ಹೊರಗೆ ತೆಗೆಯುವುದೇ ಅಪರೂಪ. ಇಂಥ ಸುರುಳಿಯನ್ನು ಒಮ್ಮೆಗೇ ಬಿಚ್ಚಿ ಹಾಸುವುದಿಲ್ಲ. ಬಲಗಡೆಯಿಂದ ಕೈಯಳತೆಯಷ್ಟು ಬಿಚ್ಚುತ್ತ, ನೋಡಿದ್ದನ್ನು ಸುತ್ತುತ್ತ ಹೋಗಬೇಕು. ಒಂದೇ ಕಡೆ ನಿಂತು ನೋಡಿದ ನೋಟ ಇದರಲ್ಲಿಲ್ಲ. ಕಣ್ಣು ಜನರ ಜೊತೆ ನಡೆಯುತ್ತಾ ಹೋಗುತ್ತದೆ. ಸಂತೆಯಲ್ಲಿ ನಡೆದು ಹೋಗುವಾಗ ನಮಗೆ ಊರು ಕಾಣುವುದೂ ಹೀಗೆಯೇ ತಾನೇ.

ಆದರೆ ಕಟ್ಟಡ ಬರೆಯುವುದಕ್ಕೆ ಪಂಡಿತರ ಮರ್ಯಾದೆ ಇರಲಿಲ್ಲ. ಕುಂಚವನ್ನು ಅಳತೆಪಟ್ಟಿಗೆ ಆನಿಸಿ ತೊಲೆ, ಕಂಬ, ಹೆಂಚುಸಾಲುಗಳನ್ನು ನೇರವಾಗಿ ಎಳೆಯುವ ಜಿಯೆಹುವಾ ಎಂಬ ಪಂಗಡವೇ ಇತ್ತು. ಪಟ್ಟಿ ಹಿಡಿದು ಎಳೆದ ಗೆರೆಯಲ್ಲಿ ಬರೆದವನ ಉಸಿರು ಎಲ್ಲಿ, ಅದು ಬಡಗಿಯ ಕೆಲಸ ಎಂದು ಓದಿದವರು ಮೂಗು ಮುರಿದರು. ತೊಡಕು ಇರುವುದು ಇಲ್ಲಿಯೇ. ಪೇಟೆಗೆ ನೇರಗೆರೆ ಬೇಕು, ಮಸಿಯ ಮರ್ಯಾದೆಗೆ ನಡುಗುವ ಕೈ ಬೇಕು.

20ನೇ ಶತಮಾನದಲ್ಲಿ ಈ ತೊಡಕು ತಪ್ಪಿಸಿಕೊಳ್ಳಲಾಗದಂತೆ ಎದುರು ಬಂದು ನಿಂತಿತು. 1949ರ ನಂತರದ ಚೀನಾದಲ್ಲಿ ಮಸಿಚಿತ್ರಗಾರರು ಹೊಸ ದೇಶವನ್ನು ತೋರಿಸಬೇಕಾಯಿತು. ಬೆಟ್ಟದ ನಡುವೆ ರಸ್ತೆ, ಅಣೆಕಟ್ಟು, ವಿದ್ಯುತ್ ಕಂಬ, ಕಾರ್ಖಾನೆ ಚಿಮಣಿಗಳು ಬಂದವು. ಹಳೆಯ ಚಿತ್ರಗಳಲ್ಲಿ ಮಂಜು ಬರೆಯುತ್ತಿದ್ದ ಕೈಗಳೇ ಚಿಮಣಿಯ ಹೊಗೆಯನ್ನೂ ಅಷ್ಟೇ ಚೆಂದವಾಗಿ ಬರೆದವು. ಈಗ ನೋಡಿದರೆ ಸ್ವಲ್ಪ ಹೊಟ್ಟೆ ತೊಳಸುವ ಚೆಂದ.

ಹಾಂಗ್‌ಕಾಂಗಿನ ದಾರಿ ಬೇರೆ. ಅಲ್ಲಿ ಹೊಸ ಮಸಿಚಿತ್ರದ ಚಳವಳಿ ಎಬ್ಬಿಸಿದ ಲುಯಿ ಶೌ ಕ್ವಾನ್ (1919–1975) ಹೊಟ್ಟೆಪಾಡಿಗೆ ಯೌಮಾಟಿ ಫೆರ್ರಿ ಕಂಪನಿಯಲ್ಲಿ ಕೆಲಸಕ್ಕಿದ್ದವರು. ದಿನವೂ ಕಣ್ಣೆದುರು ಬಂದರು. ಅವರ ಗರಡಿಯಿಂದ ಬಂದ ವುಶಿಯಸ್ ವಾಂಗ್ ವಿನ್ಯಾಸಶಾಸ್ತ್ರ ಓದಿದವರು, ವಿನ್ಯಾಸದ ಪಠ್ಯಪುಸ್ತಕಗಳನ್ನೂ ಬರೆದವರು. ಹಾಳೆಯನ್ನು ರೇಖಾಗಣಿತದ ಚೌಕಗಳಾಗಿ ಸೀಳಿಕೊಂಡು ಅದರೊಳಗೆ ಮಸಿ ತುಂಬುವುದು ಅವರ ದಾರಿ. ನಗರದ ನೇರಗೆರೆಯನ್ನು ಕಟ್ಟಡದ ಗೋಡೆಯಿಂದ ಬಿಡಿಸಿ ಚಿತ್ರದ ಅಸ್ಥಿಪಂಜರಕ್ಕೇ ಸೇರಿಸಿಬಿಟ್ಟರು. ಲೆಕ್ಕಾಚಾರ ಮೆಚ್ಚಬೇಕಾದ್ದೇ. ನನಗೆ ಮಾತ್ರ ಆ ಚಿತ್ರಗಳಲ್ಲಿ ಜನದ ಸದ್ದು ಕೇಳಿಸುವುದಿಲ್ಲ.

ವು ಗುವಾನ್‌ಜೋಂಗ್ (1919–2010) ಇನ್ನೊಂದು ಬಗೆ. 1947ರಿಂದ 1950ರವರೆಗೆ ಪ್ಯಾರಿಸ್ಸಿನಲ್ಲಿ ಎಣ್ಣೆಚಿತ್ರ ಕಲಿತು ಬಂದು, ನಡುವಯಸ್ಸು ದಾಟಿದ ಮೇಲೆ ಮಸಿಗೆ ಹೊರಳಿದವರು. 1981ರ ಅವರ ‘ಎರಡು ಬಾನಾಡಿ’ ಚಿತ್ರದಲ್ಲಿ ಇರುವುದು ನೀರಿನ ಪಕ್ಕದ ಹಳೆಯ ಮನೆಗಳ ಬಿಳಿ ಗೋಡೆ, ಕಪ್ಪು ಮಾಡು, ಎರಡೇ ಎರಡು ಪುಟ್ಟ ಹಕ್ಕಿ. ಗೋಡೆಯನ್ನು ಅವರು ಬಹುಪಾಲು ಬರೆದೇ ಇಲ್ಲ, ಖಾಲಿ ಕಾಗದವನ್ನು ಹಾಗೇ ಬಿಟ್ಟಿದ್ದಾರೆ. ಬೆಟ್ಟದ ಚಿತ್ರಗಳಲ್ಲಿ ಖಾಲಿ ಜಾಗ ಮೋಡವಾಗುತ್ತಿತ್ತು, ಇಲ್ಲಿ ಸುಣ್ಣ ಬಳಿದ ಗೋಡೆಯಾಯಿತು. ಕಟ್ಟಡ ಬರೆಯಲು ಇಷ್ಟು ಕಡಿಮೆ ಮಸಿ ಸಾಕು ಎಂದು ಇದಕ್ಕಿಂತ ಚೆನ್ನಾಗಿ ತೋರಿಸಿದ ಚಿತ್ರವನ್ನು ನಾನು ಕಂಡಿಲ್ಲ. ಇದೇ ವು 1990ರ ದಶಕದಲ್ಲಿ ‘ಕುಂಚ-ಮಸಿ ಎಂದರೆ ಸೊನ್ನೆ’ ಎಂದು ಬರೆದು ಜಗಳ ತಂದುಕೊಂಡರು. ಚಿತ್ರದಿಂದ ಬಿಡಿಸಿ ನೋಡಿದರೆ ಗೆರೆಯ ಸೊಗಸಿಗೆ ಬೆಲೆಯಿಲ್ಲ ಎಂಬುದು ಅವರ ಮಾತು. ಗೆರೆಯ ಗುಣವೇ ಈ ಕಲೆಯ ಜೀವ, ಅದನ್ನೂ ಬಿಟ್ಟರೆ ಉಳಿಯುವುದೇನು ಎಂದು ಎದುರಾಳಿಗಳು ರೇಗಿದರು. ಪೇಟೆ ಬರೆಯಹೊರಟ ಯಾರೇ ಆಗಲಿ ಈ ಜಗಳದಲ್ಲಿ ಒಂದು ಕಡೆ ನಿಲ್ಲಲೇಬೇಕು.

ಮತ್ತೆ ಸಿಂಗಪುರಕ್ಕೆ ಬರೋಣ. ಲಿಮ್ ಆರಿಸಿಕೊಂಡ ಪೇಟೆಯಲ್ಲಿ ನೇರಗೆರೆಗಳೇ ಕಡಿಮೆ. ಅಲ್ಲಿಯ ಹಳೆಯ ಅಂಗಡಿಮನೆಗಳ ಮುಂದೆ ಐದಡಿ ಜಗುಲಿ ಎಂಬುದಿದೆ. 1822ರ ನಗರಯೋಜನೆಯಲ್ಲಿ ಬ್ರಿಟಿಷ್ ಆಡಳಿತಗಾರ ರಾಫಲ್ಸ್ ಕಡ್ಡಾಯ ಮಾಡಿದ ಮಾಡುಹೊದಿಸಿದ ಕಾಲುದಾರಿ ಅದು. ಆ ಜಗುಲಿಯಲ್ಲಿ ಕ್ಷೌರ, ಜ್ಯೋತಿಷ್ಯ, ತಿಂಡಿ ವ್ಯಾಪಾರ ಎಲ್ಲವೂ. ಮೇಲಿನ ಕಿಟಕಿಯಿಂದ ಬಿದಿರುಗಳ ಮೇಲೆ ಒಣಹಾಕಿದ ಬಟ್ಟೆ ಬೀದಿಗೆ ಚಾಚಿರುತ್ತಿತ್ತು. ಗಾರೆ ಕಿತ್ತ ಗೋಡೆ, ಕುಸಿದ ಹೆಂಚು, ಬಣ್ಣಹೋದ ಬಾಗಿಲು. ಬಂಡೆಗೆಂದು ಕಲಿತ ಒಣಗೆರೆ ಗಾರೆ ಕಿತ್ತ ಗೋಡೆಗೆ ಸರಿಯಾಗಿ ಕೂತುಕೊಂಡಿತು. ಬಿದಿರು ಬರೆದು ಪಳಗಿದ ಕೈಗೆ ಬಟ್ಟೆಯ ಗಳು ಹೊಸದೇನಲ್ಲ. ಮುಂಭಾಗದಲ್ಲಿ ಕಣ್ಣು ಬರೆದುಕೊಂಡಿದ್ದ ಸರಕು ದೋಣಿಗಳು ಒಂದಕ್ಕೊಂದು ಒತ್ತಿ ನಿಂತರೆ ನೀರೇ ಕಾಣದಷ್ಟು ಕಪ್ಪು. ಹತ್ತಿಪ್ಪತ್ತು ಏಟಿನಲ್ಲಿ ಮುಗಿಯುವ ಕೆಲಸ. ಪೇಟೆಯನ್ನು ಬರೆಯಲು ಬಾರದ ಮಸಿಗೆ ಅವರು ಹುಡುಕಿಕೊಟ್ಟದ್ದು ಸವೆದ ಪೇಟೆಯನ್ನು. ಸವೆದದ್ದೆಲ್ಲ ಸ್ವಲ್ಪ ಬೆಟ್ಟದಂತೆಯೇ ಇರುತ್ತದೆ.

ಅವರು ಸಂಪ್ರದಾಯ ಮುರಿದದ್ದು ಇನ್ನೊಂದು ಕಡೆ. ಶಾನ್‌ಶುಯಿ ಬರೆಯುವವನು ಬೆಟ್ಟ ಸುತ್ತಿ ಬಂದು, ಮನೆಯಲ್ಲಿ ಕೂತು, ಮನಸ್ಸಿನಲ್ಲಿ ಉಳಿದದ್ದನ್ನು ಬರೆಯುವುದು ರೂಢಿ. ಲಿಮ್ ಬೀದಿಯಲ್ಲೇ, ಅಲ್ಲೇ ನೋಡುತ್ತ ಬರೆದರು. ಸಮಭಾಜಕದ ಬಿಸಿಲು, ಯಾವಾಗ ಬೇಕಾದರೂ ಸುರಿಯುವ ಮಳೆ, ಸುತ್ತ ನಿಂತು ಇಣುಕುವ ಜನ. ತೇವದ ಗಾಳಿಯಲ್ಲಿ ಹಾಳೆ ಮಸಿಯನ್ನು ಇನ್ನಷ್ಟು ನಿಧಾನವಾಗಿ ಆರಿಸಿಕೊಳ್ಳುತ್ತದೆ. ಗಾಡಿಯವನು ಪೋಸು ಕೊಟ್ಟು ನಿಲ್ಲುವುದಿಲ್ಲ. ತಿದ್ದಲು ಬಾರದ ಮಾಧ್ಯಮ ಮತ್ತು ಒಂದು ಗಳಿಗೆ ನಿಲ್ಲದ ಬೀದಿ ಎರಡೂ ಒಟ್ಟಿಗೆ ಸೇರಿದ್ದರಿಂದ ಆ ಗೆರೆಗಳಿಗೆ ಒಂದು ಆತುರ ಬಂದಿದೆ. ಮನುಷ್ಯರು ಮೂರು ಏಟಿನಲ್ಲಿ ಬಂದು ಹೋಗುತ್ತಾರೆ.

ಒಂದು ತಕರಾರು ಹೇಳದೆ ಮುಂದೆ ಹೋಗಲಾರೆ. ಮಸಿಗೆ ವಾಸನೆಯಿಲ್ಲ. ನೀರುಬೆರೆತ ಕಪ್ಪು ಯಾವ ಕೊಳಕನ್ನೂ ಸುಂದರ ಮಾಡಿಬಿಡುತ್ತದೆ. ಮೂಗು ಮುಚ್ಚಿಕೊಂಡು ದಾಟಬೇಕಿದ್ದ ನದಿ ಹಾಳೆಯ ಮೇಲೆ ಹಳೆಯ ಕವಿತೆಯಂತೆ ಕಾಣುತ್ತದೆ. ಹಳೇ ಪೇಟೆಯ ಮಸಿಚಿತ್ರಗಳು ಕ್ಯಾಲೆಂಡರಿಗೆ ಹೋಗಲು ಬಹಳ ಹೊತ್ತು ಬೇಕಿಲ್ಲ; ಎಷ್ಟೋ ಜನ ಬರೆದದ್ದು ಹೋಗಿಯೂ ಇದೆ. ಲಿಮ್ ಅವರ ಒಳ್ಳೆಯ ಹಾಳೆಗಳನ್ನು ಕಾಪಾಡಿದ್ದು ಅವರ ಗೆರೆಯ ಒರಟುತನ ಎಂದು ನನ್ನ ಎಣಿಕೆ. ಅಲ್ಲಿ ಮಸಿ ಕೆಲವೊಮ್ಮೆ ಮಸಿಯಂತೆಯೇ, ಅಂದರೆ ಪಾತ್ರೆಯ ತಳದ ಕಪ್ಪಿನಂತೆಯೇ, ಮೆತ್ತಿಕೊಂಡಿರುತ್ತದೆ.

ಸವೆದ ಪೇಟೆಯೇ ಇಲ್ಲದ ಕಡೆ ಏನು ಮಾಡುವುದು? ಶಾಂಘೈಯ ಯಾಂಗ್ ಯೋಂಗ್‌ಲಿಯಾಂಗ್ ಹುಟ್ಟಿದ್ದು 1980ರಲ್ಲಿ. ಚಿಕ್ಕಂದಿನಲ್ಲೇ ಹಳೆಯ ಪದ್ಧತಿಯ ಚಿತ್ರ, ಕುಂಚಾಕ್ಷರ ಕಲಿತರು. ಕಣ್ಣೆದುರು ಊರು ಇಪ್ಪತ್ತು ವರ್ಷದಲ್ಲಿ ಗುರುತು ಸಿಗದಂತೆ ಎದ್ದು ನಿಂತಿತು. ಅವರು ಕುಂಚವನ್ನು ಬದಿಗಿಟ್ಟು ಕ್ಯಾಮೆರಾ ಹಿಡಿದರು. ದೂರದಿಂದ ನೋಡಿದರೆ ಅವರ ಕೃತಿ ಗುವೊ ಶಿ ಬದುಕಿದ್ದ ಸೋಂಗ್ ರಾಜವಂಶದ ಕಾಲದ ಅಪ್ಪಟ ಶಾನ್‌ಶುಯಿ: ಮಂಜಿನಿಂದ ಎದ್ದ ಶಿಖರ, ಜಲಪಾತ, ವಾಲಿದ ಮರ. ಎರಡು ಹೆಜ್ಜೆ ಹತ್ತಿರ ಬಂದರೆ ಬಂಡೆಯೆಲ್ಲ ಬಹುಮಹಡಿ ಕಟ್ಟಡ, ಮರವೆಲ್ಲ ಕ್ರೇನು ಮತ್ತು ವಿದ್ಯುತ್ ಗೋಪುರ. ನೂರಾರು ಫೋಟೋಗಳನ್ನು ಕಂಪ್ಯೂಟರಿನಲ್ಲಿ ಹೊಲಿದು ಮಾಡಿದ ಬೆಟ್ಟ. ಛುನ್ ಗೆರೆಗಳ ಜಾಗದಲ್ಲಿ ಕಿಟಕಿಗಳ ಸಾಲು ಬಂದು ಕೂತಿದೆ. ಕಾಂಕ್ರೀಟಿಗೆ ಯಾವ ಛುನ್ ಎಂದು ಮೇಲೆ ಕೇಳಿದ್ದೆನಲ್ಲ, ಕಾಂಕ್ರೀಟೇ ಛುನ್ ಎಂದುಬಿಟ್ಟರು ಈ ಮನುಷ್ಯ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2013ರ ಕೊನೆಯಲ್ಲಿ ಸಮಕಾಲೀನ ಚೀನೀ ಮಸಿಕಲೆಯ ದೊಡ್ಡ ಪ್ರದರ್ಶನ ಇಟ್ಟಾಗ ಒಂದು ತೊಟ್ಟು ಮಸಿಯಿಲ್ಲದ ಇವರ ಕೃತಿಯನ್ನೂ ಸೇರಿಸಿಕೊಂಡಿತು. ಅದನ್ನು ಮಸಿಚಿತ್ರ ಎನ್ನಬಹುದೇ? ವ್ಯಾಕರಣ ಮಸಿಯದು, ಆದರೆ ತಿದ್ದಲು ಬಾರದ ಆ ಒಂದು ಏಟಿನ ಅಪಾಯ ಇಲ್ಲ, ಬೇಕಾದಷ್ಟು ಸಲ ಹಿಂದೆ ಹೋಗಬಹುದು. ಆದ್ದರಿಂದ ನಾನು ಅನ್ನಲಾರೆ. ಆದರೆ ಗುವೊ ಶಿಯ ಸಜ್ಜನನಿಗೆ ಇಷ್ಟು ಚುರುಕಾಗಿ ಉತ್ತರ ಕೊಟ್ಟವರು ಇನ್ನೊಬ್ಬರಿಲ್ಲ. ಧೂಳು ಗದ್ದಲದಿಂದ ತಪ್ಪಿಸಿಕೊಳ್ಳಲು ಅವನು ಓಡಿಹೋಗುತ್ತಿದ್ದ ಬೆಟ್ಟವೇ ಈಗ ಧೂಳು ಗದ್ದಲಗಳಿಂದ ಕಟ್ಟಿದ್ದು, ಅದರ ಕಣಿವೆಯಲ್ಲಿ ತುಂಬಿಕೊಂಡಿರುವ ಮಂಜು ಬಹುಶಃ ಮಂಜೂ ಅಲ್ಲ.

ಲಿಮ್‌ಗೆ 2003ರಲ್ಲಿ, 80 ದಾಟಿದ ಮೇಲೆ, ಸಿಂಗಪುರ ಕಲಾವಿದರಿಗೆ ಕೊಡುವ ದೊಡ್ಡ ಗೌರವವಾದ ಕಲ್ಚರಲ್ ಮೆಡಾಲಿಯನ್ ಬಂತು. ಆ ಹೊತ್ತಿಗೆ ಅವರು ಬರೆದಿದ್ದ ದೋಣಿಗಳ ಜಾಗದಲ್ಲಿ ಪ್ರವಾಸಿಗರ ದೋಣಿ, ಉಗ್ರಾಣಗಳಲ್ಲಿ ಹೋಟೆಲು. ವಯಸ್ಸಾದಂತೆ ಅವರ ಹಾಳೆಗಳಿಂದ ಬೀದಿ ಕರಗುತ್ತ ಹೋಗಿ ಮರಗಳ ಬಿಳಲು, ಬೇರು ಬಂದವು, ಆಮೇಲೆ ಅಕ್ಷರ. ಅದೂ ಓದಲು ಬಾರದಷ್ಟು ಒಂದರ ಮೇಲೊಂದು ಹೆಣೆದುಕೊಂಡ ಅಕ್ಷರ. ಅದನ್ನು ಹುತುಜಿ, ಎಂದರೆ ಗೋಜಲು ಬರಹ, ಎಂದು ಕರೆದರು. ಸಿಂಗಪುರದ ನ್ಯಾಷನಲ್ ಗ್ಯಾಲರಿ 2024ರಲ್ಲಿ ಅವರ ದೊಡ್ಡ ಪ್ರದರ್ಶನ ತೆರೆಯಿತು. ಅದು ನಡೆಯುತ್ತಿದ್ದಾಗಲೇ, 2025ರ ಫೆಬ್ರವರಿಯಲ್ಲಿ, 103ನೇ ವಯಸ್ಸಿನಲ್ಲಿ ಲಿಮ್ ತೀರಿಕೊಂಡರು. ಅವರ ಗೋಜಲು ಬರಹದ ಒಂದು ಹಾಳೆಯನ್ನೂ ನದಿದಂಡೆಯ ಹಳೆಯ ಚಿತ್ರವೊಂದನ್ನೂ ಅಕ್ಕಪಕ್ಕ ಇಟ್ಟು, ಕಣ್ಣು ಸ್ವಲ್ಪ ಕಿರಿದು ಮಾಡಿ ನೋಡಿ. ಒತ್ತಿಕೊಂಡು ನಿಂತ ದೋಣಿಗಳು, ಚಾಚಿದ ಗಳುಗಳು, ನಡುವೆ ಉಳಿದ ಅಷ್ಟಿಷ್ಟು ಬಿಳಿ ನೀರು ಎರಡರಲ್ಲೂ ಇವೆ.